ಎರಡು ಗಾಲಿಯ ಮೇಲೊಂದು ಮಂಚ

ನನ್ನ ಅಣ್ಣ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅದರಲ್ಲಿ ಬಹುಪಾಲು ಹಾವೇರಿಯಿಂದ ಗಳಗನಾಥಕ್ಕೆ ಹೋಗುವ ಬಸ್ಸು. ತುಂಗಭದ್ರೆಗೆ ವರದೆ ಬಂದು ಕೂಡುವ ಊರು ಅದು. ಹೊಳೆಯ ದಂಡೆಗೆ ಹಳೆಯ ಗುಡಿ. ಅಮಾವಾಸ್ಯೆಗೂ ಶ್ರಾವಣ ಸೋಮವಾರಕ್ಕೂ ಬಸ್ಸು ತುಂಬ ಭಕ್ತರನ್ನು ಒಯ್ದು ಇಳಿಸಿ, ಹತ್ತು ನಿಮಿಷದಲ್ಲಿ ಒಂದು ಚಹಾ ಕುಡಿದು, ಬಸ್ಸು ತಿರುಗಿಸಿಕೊಂಡು ಬರುತ್ತಿದ್ದ. ಅವನು ಬಸ್ಸು ತಿರುಗಿಸುತ್ತಿದ್ದ ಜಾಗದಿಂದ ಹೊಳೆ ಕಾಣುವುದಿಲ್ಲ. ನಿವೃತ್ತಿಯಾದ ಮೇಲೆ ಸಾವಕಾಶ ನೋಡಿದರಾಯಿತು ಎಂದುಕೊಂಡಿದ್ದ. ನಿವೃತ್ತಿಯಾದ ಮರುವರ್ಷವೇ ಬೆನ್ನೆಲುಬು ಕೈಕೊಟ್ಟಿತು. ರಾಣೆಬೆನ್ನೂರಿನ ಡಾಕ್ಟರು ಬೆನ್ನಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇಷ್ಟು ವರ್ಷ ಕೂತದ್ದು ಸಾಕು, ಇನ್ನು ಮಲಗಿರಿ ಎಂಬರ್ಥದ ತೀರ್ಪು ಕೊಟ್ಟರು. ಐದು ನಿಮಿಷ ಕೂತರೆ ಅವನ ಹಣೆಯ ಮೇಲೆ ಬೆವರು ಒಡೆಯುತ್ತಿತ್ತು.

"ಒಂದ ಸಲ ಆ ಹೊಳಿ ನೋಡಬೇಕಲೇ ಮಾಸ್ತರ," ಅಂದ ಒಂದು ದಿನ, ಹಾವೇರಿಯ ತನ್ನ ಮನೆಯ ಮಂಚದ ಮೇಲಿಂದ. "ಊರ ಮಂದೀನ್ನೆಲ್ಲಾ ದೇವರ ಬಾಗಲಕ್ಕ ಬಿಟ್ಟು ಬಂದೇನಿ. ನಾಳೆ ಅಂವ ಕೇಳಿದ್ರ ಏನ ಹೇಳ್ಲಿ? ಟೈಮ್ ಇರಲಿಲ್ಲರೀ ಅಂತ ಹೇಳ್ಲ್ಯಾ?"

"ಆಂಬುಲೆನ್ಸ್ ತರಸೂಣೇನು?"

"ಆಂಬುಲೆನ್ಸಿನ್ಯಾಗ ದೇವರನ್ನ ನೋಡಾಕ ಹೋಗೂದಿಲ್ಲಪಾ. ದೇವರ ಕಡೆ ಹೋಗೂದು."

ಹೀಗಾಗಿ ಜವಾಬ್ದಾರಿ ನನ್ನ ಹೆಗಲೇರಿತು. ನಾನು ಬ್ಯಾಡಗಿಯ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕ್ರಾಫ್ಟ್ ಮಾಸ್ತರನಾಗಿ ಮಕ್ಕಳಿಗೆ ಬೆಂಕಿಕಡ್ಡಿಯಲ್ಲಿ ಮನೆ ಕಟ್ಟುವುದನ್ನು ಕಲಿಸಿದವನು. ಮನುಷ್ಯ ಹಿಡಿಸುವಂಥದ್ದು ಏನನ್ನೂ ಆವರೆಗೆ ಕಟ್ಟಿರಲಿಲ್ಲ. ಒಂದು ಗಿರಣಿಯ ಹಿಂದೆ ಎರಡು ಗಾಲಿಯ ಟ್ರೇಲರ್ ನಿಂತಿತ್ತು. ನಾಲ್ಕೂ ಕಡೆ ಹಲಗೆ, ಮೇಲೆ ತಗಡು, ಹಿಂದೊಂದು ಬಾಗಿಲು. ಬಹಳ ವರ್ಷ ಖಾರದ ಪುಡಿಯ ಚೀಲ ಹೊತ್ತು ಸುಸ್ತಾಗಿತ್ತು. ಅದನ್ನು ನನ್ನ ಹಳೆಯ ವಿದ್ಯಾರ್ಥಿಯ ವೆಲ್ಡಿಂಗ್ ಅಂಗಡಿಗೆ ಎಳೆಸಿದೆ. ಆತ ಮುಸಲ್ಮಾನರ ಪೈಕಿ, ನಲವತ್ತು ದಾಟಿದ ಗೃಹಸ್ಥ, ಊರಿಗೆಲ್ಲ ಸಾಹೇಬ. ಶಾಲೆಯಲ್ಲಿ ಅವನ ಬೆಂಕಿಕಡ್ಡಿಯ ಮನೆ ಮಾತ್ರ ಬೀಳುತ್ತಿರಲಿಲ್ಲ.

ಕೆಲಸ ವಿಧಿವತ್ತಾಗಿ ಸಾಗಿತು. ಕುಲುಕಾಟ ಕಡಿಮೆಯಾಗಲೆಂದು ಜೀಪಿನ ಹಳೆಯ ಸ್ಪ್ರಿಂಗ್ ಪಾಟಾಗಳನ್ನು ಕೆಳಗೆ ಜೋಡಿಸಿದೆವು. ಮಂಚವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದೆವು. ರಾಣೆಬೆನ್ನೂರಿನಿಂದ ದಪ್ಪ ಫೋಮಿನ ಗಾದಿ ತಂದೆವು. ಟ್ರ್ಯಾಕ್ಟರ್ ಬ್ಯಾಟರಿಗೆ ಸಣ್ಣ ಫ್ಯಾನು, ನೀರಿನ ತಂಬಿಗೆ ಉರುಳದಂತೆ ಕಬ್ಬಿಣದ ಬಳೆ, ಸ್ಟೋವಿಗೆ ನನ್ನ ಟೇಬಲ್ಲಿನ ಡ್ರಾವರ್. ಎಲ್ಲ ಮುಗಿದ ಮೇಲೆ ನಾವಿಬ್ಬರೂ ಒಳಗೆ ತಲೆ ಹಾಕಿ, ನ್ಯಾಯಾಧೀಶರ ಹಾಗೆ ಮೂಸಿದೆವು.

"ಖಾರದ ವಾಸನಿ ಏನರ ಐತೇನೋ?"

"ಏನೂ ಇಲ್ರೀ ಸರ. ಮಸೂತಿಯಂಗ ಸ್ವಚ್ಛ ಐತಿ."

ಇಲ್ಲೇ ನಾವು ಕೆಟ್ಟದ್ದು. ಬ್ಯಾಡಗಿಯಲ್ಲಿ ಹಂಗಾಮು ಶುರುವಾದರೆ ಇಡೀ ಊರು ಮೆಣಸಿನಕಾಯಿಯನ್ನೇ ಉಸಿರಾಡುತ್ತದೆ. ಪರ ಊರಿನವರು ಬಸ್ಸಿನಿಂದ ಇಳಿದು ಸೀನತೊಡಗಿದರೆ, ನೆಗಡಿ ಆಗೈತೇನ್ರಿ ಎಂದು ಕೇಳುವ ಜನ ನಾವು. ನಮ್ಮ ಮೂಗುಗಳು ಯಾವತ್ತೋ ನಿವೃತ್ತಿಯಾಗಿದ್ದವು; ನಮಗೆ ತಿಳಿಸಿರಲಿಲ್ಲ ಅಷ್ಟೆ.

ಹಾವೇರಿಯಲ್ಲಿ ಪರೀಕ್ಷೆ ನಡೆದದ್ದು ವೈಶಾಖದ ಮಧ್ಯಾಹ್ನ. ಹತ್ತುವ ಮೊದಲು ಅಣ್ಣ ಕಾಯಿದೆ ತೆಗೆದ. "ಟ್ರೇಲರಿನ್ಯಾಗ ಮಂದೀನ್ನ ಕುಂದ್ರಸಂಗಿಲ್ಲಲೇ."

"ನೀ ಎಲ್ಲಿ ಕುಂದರ್ತಿ? ಮಲಗ್ತಿ," ಅಂದೆ. ಆ ವಾದ ಅವನಿಗೆ ಒಪ್ಪಿಗೆಯಾಯಿತು.

ಬಾಗಿಲು ಹಾಕಿ, ಸಾಹೇಬ ತನ್ನ ಜೀಪು ಶುರು ಮಾಡಿದ. ಓಣಿಯ ಕೊನೆ ಮುಟ್ಟುವ ಮೊದಲೇ ಒಳಗಿನಿಂದ ಹಲಗೆ ಬಡಿಯುವ ಸಪ್ಪಳ. ಬಿಸಿಲಿಗೆ ಕಾದ ಹಲಗೆಗಳು ತಾವು ಕುಡಿದಿದ್ದ ಖಾರವನ್ನೆಲ್ಲ ಹೊರಗೆ ಬಿಡುತ್ತಿದ್ದವು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ದೇಶಕ್ಕೆಲ್ಲ ಗೊತ್ತು. ಅಣ್ಣನ ಪುಪ್ಪುಸಕ್ಕೆ ಯಾರೂ ಹೇಳಿರಲಿಲ್ಲ. ಒಂದೊಂದು ಕೆಮ್ಮೂ ಬೆನ್ನಿಗೆ ಹೋಗಿ ಬಡಿಯುತ್ತಿತ್ತು. ಅವನನ್ನು ಕೆಳಗಿಳಿಸುವಾಗ ಅಣ್ಣನ ಹೆಂಡತಿ, ನಮ್ಮ ವೈನಿ, ಸೆರಗು ಮೂಗಿಗೆ ಒತ್ತಿಕೊಂಡು, "ಅವರನ್ನ ಒಗ್ಗರಣಿಗೆ ಹಾಕೀರೇನು ನೀವಿಬ್ರೂ?" ಅಂದರು. ಸಾಹೇಬ ಚಪ್ಪಲಿ ನೋಡುತ್ತ ನಿಂತ. ನಾನೂ ನನ್ನ ಚಪ್ಪಲಿಗಳನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಅಣ್ಣ ಮೂರು ದಿನ ಕೆಮ್ಮಿದ. ಆಮೇಲೆ ಎರಡು ವಾರ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಲಾಗಲಿಲ್ಲ.

ನಾವು ಹಲಗೆಗಳನ್ನು ಸುಣ್ಣದಲ್ಲಿ ತೊಳೆದೆವು, ಸೋಪಿನಲ್ಲಿ ತಿಕ್ಕಿದೆವು, ಸಗಣಿ ಸಾರಿಸಿದೆವು. ಈಗ ನಮ್ಮ ಮೂಗನ್ನು ನಂಬುವಂತಿರಲಿಲ್ಲವಾದ್ದರಿಂದ, ಕದರಮಂಡಲಗಿಯಿಂದ ಸಂತೆಗೆ ಬಂದ ಯಾರನ್ನಾದರೂ ಹಿಡಿದು ಒಳಗೆ ನಿಲ್ಲಿಸುತ್ತಿದ್ದೆವು. ಅವರು ಸೀನುತ್ತಿದ್ದರು, ನಾವು ಮತ್ತೆ ತೊಳೆಯುತ್ತಿದ್ದೆವು. ಕೊನೆಗೆ ಹಲಗೆಗಳನ್ನೇ ಕಿತ್ತು ಹೊಸವು ಹಾಕಿದೆವು. ಅಷ್ಟಾದರೂ ಧೈರ್ಯ ಸಾಲದೆ ನಾನೊಂದು ಉಪಾಯ ಮಾಡಿದೆ. ಮಂಚವನ್ನು ಅಡ್ಡ ತಿರುಗಿಸಿ, ತಲೆಯ ಭಾಗವನ್ನು ಪಕ್ಕದ ಗೋಡೆಯಿಂದಾಚೆ ಒಂದೂವರೆ ಅಡಿ ಹೊರಗೆ ಚಾಚಿ, ಅದಕ್ಕೆ ಗೂಡಿನಂಥ ಮರೆ ಕಟ್ಟಿ, ಮೂರೂ ಕಡೆ ತಂತಿಯ ಜಾಳಿಗೆ ಹಾಕಿಸಿದೆ. ಮೈ ಒಳಗೆ, ಮೂಗು ಹೊರಗೆ. ಬದುಕಿನಲ್ಲಿ ನಾನು ಮಾಡಿದ ಒಂದೇ ಸಂಶೋಧನೆ ಅದು. ದಿನವೂ ಅಂಗಡಿಗೆ ಹೋಗಿ ಅದನ್ನು ನಾಲ್ಕೂ ಕಡೆಯಿಂದ ನೋಡಿ ಬರುತ್ತಿದ್ದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ಮಳೆಗಾಲ ಬಂದು ಹೋಗಿತ್ತು. ಅಣ್ಣನನ್ನು ಎತ್ತಿ ಮಲಗಿಸುವಾಗ ವೈಶಾಖದಲ್ಲಿ ಇಬ್ಬರಿಗೂ ಏದುಸಿರು ಬಂದಿತ್ತು. ಈಗ ಸಾಹೇಬ ಒಬ್ಬನೇ ಎತ್ತಿದ. ಎತ್ತಿದವನು ನನ್ನ ಕಡೆ ನೋಡಿದ.

ಗಳಗನಾಥದ ದಾರಿ ಸುಖವಾಗಿ ಸಾಗಿತು. ಗುತ್ತಲದಲ್ಲಿ ನಿಲ್ಲಿಸಿ ಜಾಳಿಗೆಯ ಹತ್ತಿರ ಹೋಗಿ ವಿಚಾರಿಸಿದೆ. "ಮುಂದಿನ ತಿರುವಿನ್ಯಾಗ ತಗ್ಗು ಐತಿ, ಬಲಕ್ಕ ಹಿಡೀರಿ ಅಂತ ಹೇಳು ಸಾಹೇಬಗ," ಅಂದ. ಅಂಗಾತ ಮಲಗಿ ಬರೀ ಆಕಾಶ ನೋಡುತ್ತಿದ್ದವನಿಗೆ ದಾರಿಯೆಲ್ಲ ಗೊತ್ತಿತ್ತು. ತಗ್ಗು ಅವನು ಹೇಳಿದಲ್ಲೇ ಇತ್ತು.

ಗಳಗನಾಥದಲ್ಲಿ ಹೊಳೆಗೆ ಹೋಗುವ ದೊಡ್ಡ ದಾರಿಯನ್ನು ಪೈಪು ಹಾಕಲು ಅಗೆದು ಬಿಟ್ಟಿದ್ದರು. ಉಳಿದದ್ದು ಮನೆಗಳ ಕಟ್ಟೆಗಳ ನಡುವಿನ ಓಣಿ. ಚಹಾದಂಗಡಿಯ ಮುಂದಿದ್ದ ಹಿರಿಯನೊಬ್ಬ ಎದ್ದು ಬಂದು ಓಣಿ ನೋಡಿದ, ಟ್ರೇಲರ್ ನೋಡಿದ, ನನ್ನ ಸಂಶೋಧನೆಯನ್ನು ಕೈಯಿಂದ ಮುಟ್ಟಿ ನೋಡಿದ.

"ಗಾಡಿ ಹೊಕ್ಕೈತ್ರಿ. ಈ ಬಸರು ಹೊಗೂದಿಲ್ಲ. ಯಾರ್ರೀ ಇದನ್ನ ಮಾಡಿದಾಂವ?"

"ನಾನ," ಅಂದೆ.

"ಹಂಗರಿ," ಅಂದು ಅವನು ಸಭ್ಯತೆಯಿಂದ ಬೇರೆ ಕಡೆ ನೋಡಿದ. ಆಮೇಲೆ, "ಚಿಂತಿ ಮಾಡಬ್ಯಾಡ್ರಿ. ಹೊರಸು ತರಸ್ತೇನಿ. ನಾಕ ಮಂದಿ ಹೊತ್ತ ಒಯ್ತೇವಿ. ಹೊಳಿ ಇಲ್ಲೇ ಐತಿ."

ಜಾಳಿಗೆಯ ಒಳಗಿನಿಂದ ಅಣ್ಣನ ದನಿ ಬಂತು. "ಬ್ಯಾಡ್ರೀ ಯಜಮಾನ್ರ. ನಾಕ ಮಂದಿ ಹೊರೂದು ಒಮ್ಮೆ ಸಾಕು."

ನಾನು ಕೈಮುಗಿದೆ, ಬೈದೆ, ಇಷ್ಟು ದೂರ ಬಂದೇವಿ ಅಂದೆ. ಅವನು ಅಲ್ಲಾಡಲಿಲ್ಲ. ಆ ಊರಿಗೆ ಆತ ದಿನಾ ಖಾಕಿ ಹಾಕಿಕೊಂಡು ಬರುತ್ತಿದ್ದ ಡ್ರೈವರ್. ಹಗ್ಗದ ಹೊರಸಿನ ಮೇಲೆ ಮಲಗಿ ಆ ಓಣಿಯಲ್ಲಿ ಹಾಯುವ ಮನಸ್ಸು ಅವನಿಗಿರಲಿಲ್ಲ. ಚಹಾ ತಂದು ಕೊಟ್ಟರು. ಬಸಿಯಲ್ಲಿ ಹಾಕಿ ನಾನೇ ಕುಡಿಸಿದೆ. ಹತ್ತು ನಿಮಿಷವಾಗಿರಬೇಕು.

"ಟೈಮ್ ಆತು. ತಿರಗಸ್ರಿ," ಅಂದ.

ಸಾಹೇಬನಿಗೆ ಟ್ರೇಲರ್ ಸಹಿತ ಹಿಂದಕ್ಕೆ ತಿರುಗಿಸಲು ಬರಲಿಲ್ಲ. ಕೊಂಡಿ ಬಿಚ್ಚಿ, ಊರವರೆಲ್ಲ ಸೇರಿ, ಅಣ್ಣನನ್ನು ಒಳಗಿಟ್ಟುಕೊಂಡೇ ಕೈಯಿಂದ ತಿರುಗಿಸಿದರು.

ಮರುದಿನವೇ ಆ ಗೂಡನ್ನು ಕತ್ತರಿಸಿ ಹಾಕಿದೆವು. ಕಟ್ಟಲು ತಿಂಗಳು ಹಿಡಿದದ್ದು, ಕತ್ತರಿಸಲು ಎರಡು ತಾಸು. ಆದರೆ ಪಯಣದ ಆಯಾಸದಿಂದ ಅಣ್ಣ ಚೇತರಿಸಿಕೊಳ್ಳಲಿಲ್ಲ. ಗಳಗನಾಥದಲ್ಲಿ ಪೈಪಿಗೆ ಅಗೆದ ದಾರಿ ಮುಚ್ಚಿದ್ದಾರೆ ಎಂದು ತಿಳಿದು ಹೇಳಲು ಹೋದರೆ, "ಮೈಯಾಗ ಆಗೂದಿಲ್ಲಪಾ. ನೀ ಹೋಗಿ ನೋಡಿ ಬಾ. ಬಂದು ಹೇಳು," ಅಂದ.

ಅವನ ಬದಲಿಗೆ ಹೋಗಿ ನೋಡಲು ನನ್ನ ಕಾಲು ಏಳಲಿಲ್ಲ. ಒಂದು ವಾರ ಬಿಟ್ಟು, ಹೋಗಿ ಬಂದೆ ಎಂದು ಸುಳ್ಳು ಹೇಳಿದೆ. ನೀರು ತುಂಬಿ ಹರಿಯುತ್ತದೆ, ಎರಡು ಬಣ್ಣ ಕಾಣುತ್ತದೆ, ಗುಡಿಯ ನೆರಳು ತಂಪಾಗಿದೆ ಎಂದೆಲ್ಲ, ಯಾರೋ ಹೇಳಿದ್ದನ್ನು ಸೇರಿಸಿ, ಮಾಸ್ತರನ ದನಿಯಲ್ಲಿ ವರ್ಣಿಸಿದೆ. ಅವನು ಕಣ್ಣು ಮುಚ್ಚಿ ಕೇಳಿದ.

"ಗುಡಿಗೆ ಬೆನ್ನ ಹಚ್ಚಿ ನಿಂತ್ರ, ವರದಾ ಯಾವ ಕಡಿಂದ ಬರತೈತಿ?"

"ಎಡಕ್ಕ," ಅಂದೆ.

ಅವನು ಕಣ್ಣು ತೆರೆದ. "ನನ್ನ ಬಸ್ಸಿನ ಕಂಡಕ್ಟರ್ ಬಲಕ್ಕ ಅಂತಿದ್ದ," ಅಂದ. ಆಮೇಲೆ, "ಇರಲಿ. ನೀ ನೋಡಿ ಬಂದೀದಿ."

ಮಾಘದಲ್ಲಿ ಅಣ್ಣ ಹೋದ. ವರದೆ ಯಾವ ಕಡೆಯಿಂದ ಬಂದು ಕೂಡುತ್ತದೆಂದು ನನಗೆ ಇನ್ನೂ ಗೊತ್ತಿಲ್ಲ.