ಮೂರು ಥರ, ಮೂರು ಜಾಗ

ಗಂಗಾಧರಯ್ಯನವರು ಹಾರ್ಡ್ ಡಿಸ್ಕಿಗೆ ಕೇಬಲ್ ಸಿಕ್ಕಿಸಿ, ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರು ಕಣ್ಣು ತೆರೆಯುವವರೆಗೆ ಎದುರಿಗಿದ್ದವರ ಜೀವ ಬಾಯಿಗೆ ಬಂದಿರುತ್ತಿತ್ತು. ಮಾರೇನಹಳ್ಳಿಯಲ್ಲಿ ಫ್ಲೋರ್ ಮಿಲ್ ಪಕ್ಕದ ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ ಅವರದು. ಮಿಲ್ ಓಡಿ ಗೋಡೆ ಅದುರಿದಾಗಲೆಲ್ಲ ಮಿಲ್ಲಿನವನಿಗೆ ಬೈಗುಳ ತಪ್ಪುತ್ತಿರಲಿಲ್ಲ.

ನಾನು ಮೊದಲ ಸಲ ಅಲ್ಲಿಗೆ ಓಡಿದ್ದು ಆಯುಧಪೂಜೆಯ ಮಾರನೆಯ ದಿನ. ಗಂಟಲಿನ ಆಪರೇಷನ್ನಿನಲ್ಲಿ ಅಮ್ಮನ ದನಿ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ಆಪರೇಷನ್ನಿನ ಹಿಂದಿನ ದಿನ ಅವಳ ಮಾತನ್ನೆಲ್ಲ ರೆಕಾರ್ಡ್ ಮಾಡಿ ಒಂದು ಪೆನ್ ಡ್ರೈವಿನಲ್ಲಿಟ್ಟಿದ್ದೆ. ಇದ್ದದ್ದು ಅದೊಂದೇ. ಹಬ್ಬದ ದಿನ ಸ್ಕೂಟರಿನ ಜೊತೆ ಅದಕ್ಕೂ ಅರಿಶಿನ ಕುಂಕುಮವಿಟ್ಟು ನೀರು ಚಿಮುಕಿಸಿಬಿಟ್ಟಿದ್ದೆ!

"ಒದ್ದೆ ಇದ್ದಾಗ್ಲೇ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರಾ?" ಎಂದರು.

"ಹೂಂ ಸಾರ್. ತಗೊಳ್ಳಲೇ ಇಲ್ಲ."

"ಪೂಜೆ ಮಾಡಿದ್ರೆ ಬದುಕಲ್ಲಮ್ಮ ಇದು. ಕಾಪಿ ಮಾಡಿದ್ರೆ ಬದುಕುತ್ತೆ."

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಅಮ್ಮನಿಗೆ ಹೇಳುವ ಧೈರ್ಯವೂ ಬರಲಿಲ್ಲ. ಮೂರನೆಯ ದಿನ ಹೋದಾಗ ಅಂಗಡಿಯೊಳಗಿಂದ ಅಮ್ಮ ಕೂಗುತ್ತಿದ್ದಳು: "ಲೇ ಸುಮಾ, ಸಾರು ಆರೋಗ್ತಿದೆ ಬಾರೇ!" ನಾನು ಮೆಟ್ಟಿಲ ಮೇಲೆಯೇ ಕುಳಿತು ಅತ್ತೆ.

ಅವರು ಬೈಯಲಿಲ್ಲ, ಮೂರು ಬೆರಳೆತ್ತಿ ಪಾಠ ಮಾಡಿದರು. "ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ನರಳಿ, ಹೇಳಿ ಹೋಗುತ್ತೆ. ಪೆನ್ ಡ್ರೈವ್ ಹೇಳ್ದೆ ಕೇಳ್ದೆ ಹೋಗುತ್ತೆ. ಮೆಮೊರಿ ಕಾರ್ಡು ಉಗುರಿನಷ್ಟಿರುತ್ತೆ, ಸಾಯೋಕೆ ಮುಂಚೆ ಕಳೆದೇ ಹೋಗಿರುತ್ತೆ. ಯಾವುದನ್ನೂ ನಂಬಬೇಡಿ. ಮೂರು ಥರ, ಮೂರು ಜಾಗ. ವರ್ಷಕ್ಕೊಂದ್ಸಲ ಹಾಕಿ ನೋಡಿ."

ಹೊಸ ಪೆನ್ ಡ್ರೈವ್ ನಮ್ಮ ಮನೆಗೆ ಬಂತು. ಹಾರ್ಡ್ ಡಿಸ್ಕ್ ಕೆಂಗೇರಿಯ ಚಿಕ್ಕಮ್ಮನ ಮನೆ ಸೇರಿತು. ಮೆಮೊರಿ ಕಾರ್ಡನ್ನು ಕವರಿಗೆ ಹಾಕಿ, ಅಮ್ಮನ ಹೆಸರು ಬರೆದು, ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡರು. ಪ್ರತಿ ಆಯುಧಪೂಜೆಗೆ ಅಮ್ಮನ ಜೊತೆ ಹೋಗಿ ಉಳಿದೆರಡನ್ನೂ ಅವರ ಮುಂದಿಟ್ಟು ಪರೀಕ್ಷೆ ಬರೆದ ಹುಡುಗಿಯಂತೆ ಕಾಯುತ್ತಿದ್ದೆ. ಅವರು ತಲೆಯಾಡಿಸಿದರೆ ನನಗೆ ಹಬ್ಬ.

ಈ ವರ್ಷ ಎರಡನ್ನೂ ಹಿಡಿದು ಒಬ್ಬಳೇ ಹೋದಾಗ ಶಟರ್ ಮೇಲೆ 'ಬಾಡಿಗೆಗಿದೆ' ಎಂಬ ಬೋರ್ಡು ತೂಗುತ್ತಿತ್ತು. "ಹಾರ್ಟ್ ಅಟ್ಯಾಕ್ ಮೇಡಂ, ಎರಡು ತಿಂಗಳಾಯ್ತು," ಎಂದ ಮಿಲ್ಲಿನವನು. "ಒಳಗಿದ್ದ ಸಾಮಾನೆಲ್ಲ ಗುಜರಿಗೆ ಹೋಯ್ತು." ಅವರಿಗಾಗಿ ಮರುಗುವ ಮೊದಲೇ ನನಗೆ ಆ ಕವರು ನೆನಪಾಯಿತು. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಮನೆಗೆ ಬಂದು ಹಾರ್ಡ್ ಡಿಸ್ಕನ್ನು ಸಿಕ್ಕಿಸಿ, ಅವರಂತೆಯೇ ಕಿವಿಗೆ ಹಿಡಿದೆ. ಟಕ್, ಟಕ್, ಟಕ್. ಉಳಿದದ್ದು ಪೆನ್ ಡ್ರೈವ್ ಮಾತ್ರ, ಹೇಳದೆ ಕೇಳದೆ ಹೋಗುವಂಥದ್ದು. ಅಮ್ಮ ಬಂದು ಪಕ್ಕದಲ್ಲಿ ನಿಂತಳು. ಕಣ್ಣು ಮುಚ್ಚಿ ಅದನ್ನು ಹಾಕಿದೆ.

"ಲೇ ಸುಮಾ, ಸಾರು ಆರೋಗ್ತಿದೆ ಬಾರೇ!"

ಅಮ್ಮ ನನ್ನ ಭುಜ ತಟ್ಟಿದಳು. ಕಣ್ಣು ಒರೆಸಿಕೊಂಡು ತಿರುಗಿದರೆ, ಗಂಗಾಧರಯ್ಯನವರು ತೋರಿಸುತ್ತಿದ್ದ ಹಾಗೆಯೇ ಮೂರು ಬೆರಳೆತ್ತಿ ನಿಂತಿದ್ದಳು.