ಮೂವರನ್ನು ಕರೆಯುವ ಲೆಕ್ಕ

ತೊಂಬತ್ತೆರಡು ಎಂಬ ಸಂಖ್ಯೆಯನ್ನು ಕಂಡರೆ ನನಗೆ ಆಗುವುದಿಲ್ಲ. ನೀವು ನಗಬಹುದು. ಹಾವನ್ನು ಕಂಡರೆ ಆಗದವರಿದ್ದಾರೆ, ಹಾಗಲಕಾಯಿ ಕಂಡರೆ ಆಗದವರಿದ್ದಾರೆ; ಒಂದು ಬಡಪಾಯಿ ಸಂಖ್ಯೆ ಯಾರಿಗೇನು ಮಾಡೀತು? ಆದರೂ ಪುರಾಣದ ಪುಸ್ತಕ ಓದುವಾಗ ತೊಂಬತ್ತೊಂದನೆಯ ಪುಟ ಮುಗಿಯುತ್ತಲೇ ಎರಡು ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿಬಿಡುತ್ತೇನೆ. ಆ ನಡುವೆ ಯಾವ ರಾಜನಾದರೂ ಸತ್ತಿದ್ದರೆ ನನ್ನ ಮಟ್ಟಿಗೆ ಅವನಿನ್ನೂ ರಾಜ್ಯವಾಳುತ್ತಿದ್ದಾನೆ.

ನಾನು ಲೆಕ್ಕ ಕಲಿತವಳಲ್ಲ. ಮೂರನೆಯ ತರಗತಿಯಲ್ಲಿ ಭಾಗಾಕಾರ ಬರುವ ಹೊತ್ತಿಗೆ ನಮ್ಮಪ್ಪ ನನ್ನನ್ನು ಶಾಲೆಯಿಂದ ಬಿಡಿಸಿದರು. ಅಂದಿನಿಂದ ಇಂದಿನವರೆಗೆ ಬದುಕಿನಲ್ಲಿ ಭಾಗಿಸುವುದನ್ನು ಅಂದಾಜಿನ ಮೇಲೆಯೇ ಮಾಡಿಕೊಂಡು ಬಂದಿದ್ದೇನೆ. ಆದರೆ ಗುರುತಿಟ್ಟುಕೊಳ್ಳುವುದರಲ್ಲಿ ನನ್ನನ್ನು ಸೋಲಿಸುವವರಿಲ್ಲ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದ ದಿನ, ಹಸು ಕರು ಹಾಕಿದ ದಿನ, ಹಿತ್ತಲಿನ ಚಕ್ಕೋತದ ಮರ ಮೊದಲ ಹೂ ಬಿಟ್ಟ ದಿನ, ಎಲ್ಲವೂ ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟಾಗಿ ಇವೆ. ಸುಣ್ಣ ಹೊಡೆಯುವವನು ಬಂದಾಗಲೆಲ್ಲ ಆ ಗೋಡೆಯ ಮುಂದೆ ನಾನು ಕಾವಲು ನಿಲ್ಲುತ್ತೇನೆ.

ನಾವಿರುವುದು ದೇವನಹಳ್ಳಿ ಕೋಟೆಯೊಳಗೆ. ಮನೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮ್ಮತ್ತೆ ಸೂಲಿಬೆಲೆಯವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದವರು. ಇನ್ನು ಒಬ್ಬಳೇ ಮಗಳು ಪದ್ಮಾವತಿ, ನಮ್ಮ ಬಾಯಲ್ಲಿ ಪದ್ದಿ. ಅವಳಿಗೆ ಲೆಕ್ಕವೆಂದರೆ ಉಳಿದ ಹುಡುಗಿಯರಿಗೆ ಹುರಿಗಡಲೆ ಇದ್ದ ಹಾಗೆ. ಸುಮ್ಮನೆ ಕೂತಿರುವಾಗಲೂ ಒಂದೊಂದು ಬಾಯಿಗೆ ಹಾಕಿಕೊಳ್ಳುತ್ತಲೇ ಇರುತ್ತಿದ್ದಳು.

ಈ ಬೇಸಿಗೆಯಲ್ಲಿ ಅವಳ ಹೈಸ್ಕೂಲು ಮುಗಿಯಿತು. ಮುಂದೆ ಓದಬೇಕೆಂದರೆ ಬೆಂಗಳೂರೇ ಗತಿ. ಅಲ್ಲಿ ನಮಗೆ ನೆಂಟರೆಂದು ಒಂದು ಹೆಂಚೂ ಇಲ್ಲ. ದಿನವೂ ಹೋಗಿ ಬರೋಣವೆಂದರೆ, ಯುದ್ಧ ಬಂದ ಮೇಲೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಏರು ಸಿಕ್ಕಿದಲ್ಲೆಲ್ಲ ನಿಂತು, ಜನರನ್ನು ಇಳಿಸಿ, ತಳ್ಳಿಸಿಕೊಂಡು ಹೋಗುತ್ತದೆ. ಅದು ಊರು ಮುಟ್ಟುವ ಹೊತ್ತಿಗೆ ಕಾಲೇಜು ಬಾಗಿಲು ಹಾಕಿರುತ್ತದೆ. ಹೀಗಿರುವಾಗ ಪದ್ದಿಯ ಗಣಿತದ ಮೇಷ್ಟ್ರು ಒಂದು ಸುದ್ದಿ ತಂದರು. ಬೆಂಗಳೂರಿನ ಕೆಲವು ದೊಡ್ಡ ಮನಸ್ಸಿನ ಹೆಂಗಸರು ಸೇರಿ ಹಳ್ಳಿಗಳ ಕಡೆಯ ಹುಡುಗಿಯರಿಗೆ ಗಣಿತದ ಸ್ಪರ್ಧೆ ಇಟ್ಟಿದ್ದಾರೆ, ಗೆದ್ದ ಒಬ್ಬಳಿಗೆ ಹಾಸ್ಟೆಲಿನಲ್ಲಿ ಎರಡು ವರ್ಷಕ್ಕೆ ಜಾಗ ಕೊಡುತ್ತಾರೆ ಎಂದು. ಒಬ್ಬಳಿಗೆ ಮಾತ್ರ. ಆ ಜಾಗ ಸಿಕ್ಕಿದರೆ ಕಾಲೇಜು, ಇಲ್ಲದಿದ್ದರೆ ನನ್ನ ಅಡಿಗೆಮನೆ. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಸ್ಪರ್ಧೆಗೆಂದು ಮೇಷ್ಟ್ರು ಅವಳಿಗೆ ಆರಿಸುವ ಲೆಕ್ಕ ಹೇಳಿಕೊಟ್ಟರು. ಒಂದು ದೊಡ್ಡ ಗುಂಪು ಇರುತ್ತದಂತೆ. ಅದರೊಳಗಿಂದ ಎಷ್ಟು ಚಿಕ್ಕ ಗುಂಪುಗಳನ್ನು ತೆಗೆಯಬಹುದು ಎಂದು ಹೇಳಬೇಕಂತೆ. ತೆಗೆಯುವುದು ಬೇಡ, ಬರೀ ಹೇಳಿದರೆ ಸಾಕು. ಇದು ನನಗೆ ಬಹಳ ಹಿಡಿಸಿತು. ಏಳು ತರಕಾರಿ ಇದ್ದರೆ ಎಷ್ಟು ಬಗೆಯ ಹುಳಿ ಮಾಡಬಹುದು ಎಂದು ಹೇಳಿ, ಒಂದನ್ನೂ ಮಾಡದೆ ಎದ್ದು ಹೋಗುವ ಭಾಗ್ಯ ನಮಗೆಲ್ಲಿ ಬರಬೇಕು!

ನಡುಮನೆಯಲ್ಲಿ ಏಳು ಕುಂಕುಮದ ಭರಣಿಗಳನ್ನು ಸಾಲಾಗಿಟ್ಟುಕೊಂಡು ಪದ್ದಿ ನನಗೆ ಪಾಠ ಹೇಳಿದಳು.

"ನೋಡಮ್ಮಾ, ನಿಂಗೆ ಏಳು ಜನ ಗೆಳತೀರು ಅಂದ್ಕೊ. ಒಬ್ಬೊಬ್ಬರಿಗೂ ಎರಡೇ ದಾರಿ. ಕರೀತೀಯ, ಇಲ್ಲ ಬಿಡ್ತೀಯ. ಎರಡನ್ನ ಏಳು ಸಲ ಗುಣಿಸಿದ್ರೆ ನೂರ ಇಪ್ಪತ್ತೆಂಟು."

"ಅಷ್ಟೊಂದೇನೇ?"

"ಅದರಲ್ಲಿ ಒಂದು, ಯಾರನ್ನೂ ಕರೀದೆ ಇರೋದು. ಅದನ್ನ ಕಳೆದ್ರೆ ನೂರ ಇಪ್ಪತ್ತೇಳು."

ಯಾರನ್ನೂ ಕರೆಯದೆ ಇರುವುದೂ ಒಂದು ವಿಧ ಎಂದು ಎಣಿಕೆಗೆ ಹಿಡಿಯುವ ಶಾಸ್ತ್ರದ ಮೇಲೆ ನನಗೆ ಗೌರವ ಬಂತು. ನಮ್ಮ ಬೀದಿಯಲ್ಲಿ ಹಾಗೆ ಮಾಡಿದವರನ್ನು ಜಿಪುಣರು ಎನ್ನುತ್ತಾರೆ. ಗಣಿತದಲ್ಲಿ ಅವರಿಗೂ ಒಂದು ಮಣೆ ಇದೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ಪಳಗಿದವಳು ನಾನು.

"ಮೂವರನ್ನ ಯಾರೇ ಕರೀತಾರೆ? ನಿಮ್ಮಜ್ಜಿ ಕೇಳಿಸ್ಕೊಂಡ್ರೆ ನಿನ್ನ ಭರಣಿ ಎಲ್ಲಾ ಹಿತ್ತಲಿಗೆ ಹೋಗುತ್ತೆ" ಎಂದೆ.

ಇದು ನಮ್ಮ ಮನೆಯ ಕಾನೂನು. ಗೌರಿ ಹಬ್ಬಕ್ಕಾಗಲಿ ಶುಕ್ರವಾರಕ್ಕಾಗಲಿ ಇಬ್ಬರನ್ನು ಕರೆಯಬಹುದು, ನಾಲ್ವರನ್ನು ಕರೆಯಬಹುದು, ಬೇಕಾದರೆ ಒಬ್ಬಳನ್ನೇ ಕರೆದು ಕಳಿಸಬಹುದು. ಮೂವರನ್ನು ಮಾತ್ರ ಕೂಡದು. ಮೂವರೇ ಸಿಕ್ಕಿದ ದಿನ ನಾಲ್ಕನೆಯವಳಿಗಾಗಿ ನಾನು ಕೋಟೆಯ ಬಾಗಿಲವರೆಗೂ ಹೋಗಿ, ಮೊಸರು ಮಾರಿ ಊರಿಗೆ ಹೊರಟಿದ್ದ ಹೆಂಗಸನ್ನು ಕೈಹಿಡಿದು ಕರೆತಂದದ್ದುಂಟು. ಈ ಕಾನೂನಿನ ಹಿಂದೆ ಒಂದು ಕಥೆಯಿದೆ. ಅತ್ತೆ ಹೊಸದಾಗಿ ಬಂದ ಕಾಲದಲ್ಲಿ ಒಂದು ಗೌರಿ ಹಬ್ಬಕ್ಕೆ ಬೀದಿಯವರೆಲ್ಲ ಯಾವುದೋ ಮದುವೆಯ ಮಾತುಕತೆಗೆ ಹೋಗಿದ್ದರಂತೆ, ಬೀದಿಯಲ್ಲಿ ಉಳಿದಿದ್ದ ಮೂವರನ್ನೇ ಅತ್ತೆ ಕರೆದರಂತೆ. ಆ ತಿಂಗಳು ತುಂಬುವುದರೊಳಗೆ ಮಾವನವರು ಜ್ವರದಲ್ಲಿ ತೀರಿಕೊಂಡರು. ಅಲ್ಲಿಂದ ಈಚೆಗೆ ಅತ್ತೆಯನ್ನು ಯಾರೂ ಯಾವ ಗುಂಪಿಗೂ ಕರೆದಿಲ್ಲ. ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ನಡೆಯುವಾಗ ಅವರು ಹಿತ್ತಲ ಜಗಲಿಯಲ್ಲಿ ಬತ್ತಿ ಹೊಸೆಯುತ್ತಾರೆ, ಮತ್ತು ಒಳಗೆ ಎಷ್ಟು ಜನ ಬಂದರೆಂದು ಬಳೆಯ ಸದ್ದಿನಲ್ಲೇ ಎಣಿಸುತ್ತಾರೆ.

ಆ ದಿನ ಪದ್ದಿ ನನ್ನ ಮಾತಿಗೆ ನಕ್ಕಳು. "ಏಳರಲ್ಲಿ ಮೂವರನ್ನ ಆರಿಸೋಕೆ ಮೂವತ್ತೈದು ವಿಧ. ಮೂವರನ್ನ ಬಿಡೋದಾದ್ರೆ ಆ ಮೂವತ್ತೈದು ಕಳೀಬೇಕು. ಉಳಿಯೋದು ತೊಂಬತ್ತೆರಡು" ಎಂದು ತಮಾಷೆಗೆ ಹೇಳಿ ಭರಣಿಗಳನ್ನು ಒಳಗಿಟ್ಟಳು. ನಾನೂ ನಕ್ಕೆ. ಆ ನಗುವನ್ನು ಗೋಡೆಯ ಮೇಲೆ ಗುರುತು ಹಾಕಲಿಲ್ಲ, ಹಾಕಬೇಕಿತ್ತು.

ಸ್ಪರ್ಧೆಯಲ್ಲಿ ಆರು ಲೆಕ್ಕ ಕೊಟ್ಟಿದ್ದರು. ಪ್ರಶ್ನೆ ಬರೆದ ಪುಣ್ಯಾತ್ಮರು, ಹಳ್ಳಿಯ ಹುಡುಗಿಯರು ಹೆದರದಿರಲಿ ಎಂದು, ಕೊನೆಯದನ್ನು ಹೀಗೆ ಕೇಳಿದ್ದರು: ಒಬ್ಬ ಗೃಹಿಣಿಗೆ ಏಳು ಜನ ಗೆಳತಿಯರು. ಗೌರಿ ಹಬ್ಬದ ದಿನ ಅವರಲ್ಲಿ ಒಬ್ಬರನ್ನೋ ಹೆಚ್ಚು ಜನರನ್ನೋ ಅರಿಶಿನ ಕುಂಕುಮಕ್ಕೆ ಕರೆಯಬೇಕು. ಎಷ್ಟು ವಿಧದಲ್ಲಿ ಕರೆಯಬಹುದು?

ಕಪ್ಪೆಗಳೆಂದು ಕೇಳಿದ್ದರೆ, ಕಂಬಗಳೆಂದು ಕೇಳಿದ್ದರೆ, ನನ್ನ ಮಗಳು ನೂರ ಇಪ್ಪತ್ತೇಳು ಎಂದು ಬರೆದು ಎದ್ದು ಬರುತ್ತಿದ್ದಳು. ಪ್ರಶ್ನೆಯೊಳಗೆ ಗೌರಿ ಹಬ್ಬ ಬಂತು, ಅರಿಶಿನ ಕುಂಕುಮ ಬಂತು, ಅವುಗಳ ಹಿಂದೆಯೇ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಾನೂ ಬಂದೆ.

ಜೂನ್ ತಿಂಗಳಲ್ಲಿ ಮೇಷ್ಟ್ರು ಬೆಂಗಳೂರಿಗೆ ಹೋಗಿ ವಿಚಾರಿಸಿ, ಉತ್ತರದ ಹಾಳೆಯನ್ನೇ ಕೇಳಿ ಪಡೆದು ತಂದರು. ಅವರು ಜಗಲಿಯ ಮೇಲೆ ಕೂತರು, ನೀರು ಬೇಡವೆಂದರು. ನೀರು ಬೇಡವೆನ್ನುವ ಮೇಷ್ಟ್ರು ಒಳ್ಳೆಯ ಸುದ್ದಿ ತಂದಿರುವುದಿಲ್ಲ.

"ಐದು ಲೆಕ್ಕ ಮುತ್ತಿನ ಹಾಗೆ ಮಾಡಿದಾಳೆ ತಾಯಿ. ಆರನೇದ್ರಲ್ಲಿ ಸೊನ್ನೆ. ಅದೊಂದ್ರಲ್ಲೇ ಹೋಗಿಬಿಡ್ತು. ಜಾಗ ಬೇರೆ ಹುಡುಗಿಗೆ ಸಿಕ್ತು" ಎಂದರು.

ಹಾಳೆಯಲ್ಲಿ ಪದ್ದಿಯ ದುಂಡು ಅಕ್ಷರ. ನೂರ ಇಪ್ಪತ್ತೇಳು ಎಂದು ಬರೆದೇ ಇದ್ದಳು. ಅದರ ಕೆಳಗೆ, 'ಮೂವರನ್ನು ಕರೆಯುವ ಪದ್ಧತಿ ಇಲ್ಲವಾದ್ದರಿಂದ ಮೂವತ್ತೈದನ್ನು ಕಳೆಯತಕ್ಕದ್ದು' ಎಂದು ಸೇರಿಸಿ, ತೊಂಬತ್ತೆರಡರ ಕೆಳಗೆ ಎರಡು ಗೆರೆ ಎಳೆದಿದ್ದಳು. ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ, 'ಕೇಳಿದ್ದಕ್ಕೆ ಮಾತ್ರ ಉತ್ತರಿಸಿ.'

"ಯಾಕಮ್ಮಾ ಹಿಂಗೆ ಮಾಡಿದೆ?" ಎಂದು ಮೇಷ್ಟ್ರು ಕೇಳಿದರು.

"ಮೂವರನ್ನ ಕರೆಯೋದಿಲ್ಲ ಸಾರ್. ಎಲ್ಲಾ ಮನೇಲೂ ಹಾಗೇ ಅಂದ್ಕೊಂಡಿದ್ದೆ" ಎಂದಳು ಪದ್ದಿ.

ಪಾಪ, ಹದಿನಾರು ವರ್ಷದವಳು. ತನ್ನ ಮನೆಯಲ್ಲಿ ನಡೆಯುವುದೇ ಲೋಕದಲ್ಲೂ ನಡೆಯುತ್ತದೆಂದು ಅವಳು ನಂಬಿದ್ದಳು. ಹಾಗೆ ನಂಬಿಸಿದವಳು ನಾನು. ಅಂದಿನಿಂದ ಹಾಲು ಉಕ್ಕುವುದನ್ನು ನೋಡುತ್ತ ನಿಲ್ಲುತ್ತೇನೆ. ಪೂರ್ತಿ ಉಕ್ಕಿ ಒಲೆ ಆರಿದ ಮೇಲೆ, ಓಹೋ ಹಾಲು, ಎಂದುಕೊಳ್ಳುತ್ತೇನೆ. ಪದ್ದಿ ಅಳಲಿಲ್ಲ, ಬೈಯಲಿಲ್ಲ. ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ನನ್ನ ಪಕ್ಕ ಬಂದು ಕಡಲೆಕಾಯಿ ಸುಲಿಯುವುದಕ್ಕೆ ಕೂತಳು. ಸುಲಿಯುವಾಗ ಎಣಿಸುವುದಿಲ್ಲ ಎಂಬುದನ್ನು ಗಮನಿಸಿದೆ. ಮೊದಲೆಲ್ಲ ಒಂದು ಕಾಯಿಗೆ ಎಷ್ಟು ಬೀಜವೆಂದು ಹೇಳಿ ನನ್ನ ತಲೆ ತಿನ್ನುತ್ತಿದ್ದಳು. ತಲೆ ತಿನ್ನಿಸಿಕೊಳ್ಳದೆ ಅಡಿಗೆ ಮಾಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಈ ವಿಷಯ ಹೇಳಬಾರದೆಂದು ನಾನೂ ಪದ್ದಿಯೂ ಮಾತಾಡಿಕೊಳ್ಳದೆಯೇ ಒಪ್ಪಿಕೊಂಡಿದ್ದೆವು. ಆದರೆ ಮನೆಯವರು ಒಂದು ದಿನ ಊಟಕ್ಕೆ ಕೂತಾಗ, ಸಾರಿನಲ್ಲಿ ಉಪ್ಪಿಲ್ಲದ ಸಿಟ್ಟಿಗೆ, "ನಿಮ್ಮ ಮೂವರ ಶಾಸ್ತ್ರ ಮಗು ಓದನ್ನ ತಿಂತು. ಇನ್ನು ಸಾರನ್ನೂ ತಿನ್ಲಿ" ಎಂದುಬಿಟ್ಟರು.

ಅತ್ತೆ ಎಲ್ಲವನ್ನೂ ಬಿಡಿಸಿ ಕೇಳಿದರು. ಕೇಳಿದ ಮೇಲೆ, "ನನ್ನ ಮಾತಿನಿಂದಲೇನೇ?" ಎಂದು ನನ್ನನ್ನು ಕೇಳಿದರು.

"ನಿಮ್ಮದಲ್ಲ ಅತ್ತೆ, ನಂದು. ಹೇಳಿದ್ದು ನಾನು" ಎಂದೆ.

"ನೀನು ಹೇಳಿದ್ದೂ ನಂದೇ ಕಣೇ" ಎಂದು ಎದ್ದು ಹಿತ್ತಲಿಗೆ ಹೋದರು. ಆಮೇಲೆ ಎರಡು ತಿಂಗಳು ಅವರ ಬಾಯಿಂದ ಮಾತು ಕೀಳಬೇಕಾದರೆ ಬಾವಿಯಿಂದ ಕೊಡ ಎಳೆದ ಹಾಗಿತ್ತು.

ಮೊನ್ನೆ ಗೌರಿ ಹಬ್ಬ ಬಂತು. ಸಕ್ಕರೆ ರೇಷನ್ನಿನಲ್ಲಿ ಬರುತ್ತಿರುವುದರಿಂದ ಹೆಚ್ಚು ಜನರನ್ನು ಕರೆಯುವ ಮಾತೇ ಇರಲಿಲ್ಲ. ಮಧ್ಯಾಹ್ನ ನಾನು ಕುಂಕುಮದ ಭರಣಿ ಹಿಡಿದು ಹೊರಟಾಗ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು.

"ಈ ಸಲ ಮೂವರನ್ನ ಕರಿ" ಎಂದರು.

ನಾನು ಭರಣಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಕೇಳಿಸ್ತೇನೇ? ಮೂವರನ್ನ. ನಿಮ್ಮ ಮಾವನವರಿಗೆ ಬಂದಿದ್ದು ಜ್ವರ ಕಣೇ. ಆ ವರ್ಷ ಊರಿಗೆಲ್ಲಾ ಬಂದಿತ್ತು. ಕುಂಕುಮಕ್ಕೆ ಕರೆದವರ ಮನೇಲೂ ಸತ್ರು, ಕರೀದೆ ಇದ್ದವರ ಮನೇಲೂ ಸತ್ರು. ನಂಗೆ ಆಗ್ಲೇ ಗೊತ್ತಿತ್ತು."

"ಮತ್ಯಾಕತ್ತೆ ಇಷ್ಟು ವರ್ಷ..."

"ಏನಾದ್ರೂ ಒಂದು ಕಾರಣ ಇರಲಿ ಅಂತ" ಎಂದರು. "ಸುಮ್ ಸುಮ್ನೆ ಹೋದ್ರು ಅಂದ್ಕೊಂಡು ಹೆಂಗೆ ಇರೋದೇ?"

ನಾನು ಧೈರ್ಯವಾಗಿಯೇ ಹೊರಟೆ. ಎದುರುಮನೆಯ ಸಾವಿತ್ರಮ್ಮನನ್ನು ಕರೆದೆ. ಬಾವಿಕಟ್ಟೆಯ ಜಯಮ್ಮನನ್ನು ಕರೆದೆ. ಮೂಲೆಮನೆಯ ಪುಟ್ಟಮ್ಮನನ್ನು ಕರೆದೆ. ಮೂರಾಯಿತು. ಅಲ್ಲಿಂದ ಮನೆ ನಲವತ್ತು ಹೆಜ್ಜೆ. ನನ್ನ ಮಗಳ ಉತ್ತರ ತಪ್ಪೆಂದು ತೋರಿಸುವುದಕ್ಕೆ, ಅವಳನ್ನು ತಪ್ಪುದಾರಿಗೆ ಎಳೆದ ಗಂಟನ್ನು ಕಡೆಗಾದರೂ ಬಿಚ್ಚಿಹಾಕುವುದಕ್ಕೆ, ಇನ್ನು ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಮನೆಗೆ ಹೋದರೆ ಸಾಕಿತ್ತು. ಮೂವತ್ತೈದು ವಿಧಗಳಲ್ಲಿ ಒಂದು ವಿಧ ನನ್ನ ಕೈಯಲ್ಲಿತ್ತು.

ಅಷ್ಟರಲ್ಲಿ ಮನೆಯವರಿಗೆ ಬೆಳಗಿನಿಂದ ನೆಗಡಿ ಎಂಬುದು ನೆನಪಾಯಿತು. ಬರೀ ನೆಗಡಿ. ಎರಡು ಸಲ ಸೀನಿದ್ದರು, ಅಷ್ಟೆ. ಅತ್ತೆ ಹೇಳಿದ್ದು ನಿಜವೆಂದು ನನ್ನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಅದು ನನ್ನನ್ನು ಕೇಳದೆ ಎಡಕ್ಕೆ ತಿರುಗಿ, ಲಕ್ಷ್ಮೀದೇವಮ್ಮನ ಮೆಟ್ಟಿಲು ಹತ್ತಿತು.

ಸಂಜೆ ನಾಲ್ವರೂ ಬಂದು ಸಾಲಾಗಿ ಕೂತರು. ಹಿತ್ತಲ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಕೈ ಒಂದು ಕ್ಷಣ ನಿಂತು, ಮತ್ತೆ ಆಡತೊಡಗಿದ್ದು ಬಾಗಿಲಿಂದ ಕಂಡಿತು. ಅತ್ತೆ ಎಣಿಸಿ ಮುಗಿಸಿದರೆಂದು ನನಗೆ ತಿಳಿಯಿತು. ಅರಿಶಿನದ ತಟ್ಟೆ ತಂದ ಪದ್ದಿ ಬಾಗಿಲಲ್ಲಿ ನಿಂತು ಅವರನ್ನೆಲ್ಲ ನೋಡಿದಳು. ಆಮೇಲೆ ಹತ್ತಿರ ಬಂದು ನನ್ನ ಕಿವಿಯಲ್ಲಿ, "ನನ್ನ ಉತ್ತರಾನೇ ಸರಿ ಬಿಡಮ್ಮಾ" ಎಂದಳು.

ಜೂನ್ ತಿಂಗಳಿಂದ ಈಚೆಗೆ ಅವಳು ನಕ್ಕಿದ್ದು ಅದೇ ಮೊದಲು. ಆ ನಗುವನ್ನು ನೋಡಲಾರದೆ ನಾನು ಭರಣಿಯ ಮುಚ್ಚಳ ತೆಗೆದು, ನಾಲ್ಕನೆಯವಳಿಂದ ಹಿಡಿದು ಮೊದಲನೆಯವಳವರೆಗೆ ಎಲ್ಲರಿಗೂ ಕುಂಕುಮ ಕೊಟ್ಟೆ.