ಅಜ್ಜಿ ತಲೆ ಮೇಲೆ ಹೊತ್ತುಕೊಂಡ ತಪ್ಪು

ನನಗೆ ಹನ್ನೆರಡು ವರ್ಷವಿದ್ದಾಗ ಬೇಸಿಗೆ ರಜೆಗೆ ಕಾರವಾರದಿಂದ ಅಂಕೋಲೆಯ ಅಜ್ಜಿ ಮನೆಗೆ ಹೋಗಿದ್ದೆ. ಇಶಾಡ ಮಾವಿನ ಕಾಲ. ಬೇರೆ ಊರಿನ ಮಾವು ಅಜ್ಜಿಗೆ ಹಣ್ಣೇ ಅಲ್ಲ. ಆ ವರ್ಷ ಎಷ್ಟು ತಿಂದರೂ ಸೊರಗುತ್ತಿದ್ದೆ. ಕೊಡಪಾನದ ನೀರು ಖಾಲಿ ಮಾಡಿ ಹೊತ್ತಿಲ್ಲ ಗೊತ್ತಿಲ್ಲ ಬಚ್ಚಲಿಗೆ ಓಡುತ್ತಿದ್ದೆ. ಅಜ್ಜಿಯ ಪ್ರಕಾರ ಇದೆಲ್ಲ ಉಷ್ಣ. ಉಷ್ಣಕ್ಕೆ ಬೆಲ್ಲ ಹಾಕಿದ ಕೋಕಂ ಪಾನಕ, ಸೊರಗಿದ್ದಕ್ಕೆ ಇಶಾಡದ ರಸಾಯನ. ಯಾವುದಕ್ಕೂ ಇರಲಿ ಎಂದು ದೃಷ್ಟಿಯನ್ನೂ ತೆಗೆದಳು. ಬಚ್ಚಲಲ್ಲಿ ಇರುವೆ ಮುತ್ತಿದಾಗ ಅರಿಶಿನ ಪುಡಿ ಉದುರಿಸಿ, ಈ ವರ್ಷ ಇರುವೆಗಳಿಗೆ ಸೊಕ್ಕು ಎಂದು ಬೈದಳು.

ಒಂದು ಬೆಳಿಗ್ಗೆ ವಾಂತಿ, ಏದುಸಿರು. ಅಪ್ಪ ಓಡಿ ಬಂದು ಕಾರವಾರದಲ್ಲಿ ಆಸ್ಪತ್ರೆಗೆ ಸೇರಿಸಿದ. ರಕ್ತದಲ್ಲಿ ಸಕ್ಕರೆ ವಿಪರೀತ ಏರಿ ಮೂತ್ರದಲ್ಲೂ ಹೋಗುತ್ತಿತ್ತು. ಟೈಪ್ ಒನ್ ಡಯಾಬಿಟೀಸ್, ಬದುಕಿರುವಷ್ಟು ಕಾಲ ಇನ್ಸುಲಿನ್ ಬೇಕು ಎಂದರು ಡಾಕ್ಟರು. ಅಜ್ಜಿ ನನ್ನ ಕಾಲ ಬಳಿ ಕೂತಿದ್ದಳು. ಡಾಕ್ಟರು ಕಾರಣ ವಿವರಿಸುವ ಹೊತ್ತಿಗೆ ಅವಳು ಅಂಕೋಲೆ ಬಸ್ಸು ಹತ್ತಿಯಾಗಿತ್ತು.

ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ನಿನ್ನ ತಪ್ಪೇನೂ ಇಲ್ಲ ಎಂದು ಅಮ್ಮ ಫೋನಿನಲ್ಲಿ ಎಷ್ಟು ಹೇಳಿದರೂ, ಸಮಾಧಾನಕ್ಕೆ ಹೇಳುತ್ತಾಳೆ ಎಂದೇ ತಿಳಿದಳು. ಮುಂದಿನ ರಜೆಗೆ ನನ್ನನ್ನು ಕಳಿಸಲೇಬೇಡ ಎಂದಳಂತೆ. ನನಗೆ ಸಿಟ್ಟು ನೆತ್ತಿಗೇರಿತು. ಕಾಯಿಲೆ ನನ್ನದು, ಮುನಿಸು ಇವಳದೇ? ರಜೆ ಶುರುವಾದದ್ದೇ ಇನ್ಸುಲಿನ್ ಡಬ್ಬಿ ಹಿಡಿದು ಅಪ್ಪನ ಬೈಕಿನ ಹಿಂದೆ ಕೂತು ಹೊರಟೇಬಿಟ್ಟೆ.

ಮೊಮ್ಮಗಳನ್ನು ತಂಗಿ ಎಂದೇ ಕರೆಯುವ ಅಜ್ಜಿ ಬಾಗಿಲಲ್ಲೇ ತಡೆದಳು. "ನಾ ತಿನ್ಸಿ ತಿನ್ಸೇ ನಿಂಗೆ ಇದ ಬಂತು ತಂಗಿ. ನನ್ನ ಕೈಯಿಂದ ಇನ್ನ ಎಂತದೂ ತಿನ್ಬೇಡ."

ಡಾಕ್ಟರು ಹೇಳಿದ್ದನ್ನು ಅಲ್ಲೇ ನಿಂತು ಪಾಠದ ಹಾಗೆ ಒಪ್ಪಿಸಿದೆ. ಇದು ಸಿಹಿ ತಿಂದು ಬರುವ ರೋಗವಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದಿತ್ತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಯಾಕೆಂದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಪಾನಕ, ರಸಾಯನ ಏರಿದ ಸಕ್ಕರೆಯನ್ನು ಇನ್ನಷ್ಟು ಏರಿಸಿದ್ದು ನಿಜ. ರೋಗ ಮಾತ್ರ ಅದಕ್ಕೆ ಮೊದಲೇ ಶುರುವಾಗಿತ್ತು.

"ಹಂಗಾರೆ ನಾ ಅಲ್ದ?"

"ನೀ ಅಲ್ಲ ಅಜ್ಜಿ."

ಆಸ್ಪತ್ರೆಯಲ್ಲೂ ಅಳದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಅವಳೆಂದರೆ ಪ್ರಾಣ, ನಾನೂ ಅತ್ತೆ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಕೇಳಿದಳು, "ರಜೆ ಇನ್ನೂ ಎಷ್ಟ ದಿನ ಇದೆ?"